ಬಾರ್ಬೆರಿ ಕಾರ್ಪೆಟ್ ಪತಂಗ: ಬೇಲಿ ಸವರುವುದು ಯಾವಾಗ, ಹೊಸ ಗಿಡ ನೆಡುವುದು ಎಲ್ಲಿ?
(ಆನ್‌ಲೈನ್ ವೇದಿಕೆಯೊಂದರ ಚರ್ಚೆ. ಪ್ರತಿ ಪೋಸ್ಟಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಹಳ್ಳದಂಡೆ
ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಊರವರೆಲ್ಲ ಸೇರಿ ನೋಡಿಕೊಳ್ಳುವ ಜಮೀನೊಂದರ ಹಳೇ ಗಿಡಬೇಲಿಯಲ್ಲಿ ಬಾರ್ಬೆರಿ ಎಂಬ ಮುಳ್ಳುಪೊದೆ ಇದೆ ಎಂದು ಗೊತ್ತಾಗಿದೆ. ಬೇಲಿಯ ಉದ್ದ 220 ಮೀಟರ್. ಬಾರ್ಬೆರಿ ಇರುವುದು ಮೂರು ಕಡೆ, ಎಲ್ಲ ಕೂಡಿದರೆ 14 ಮೀಟರ್ ಆದೀತು. ಉಳಿದದ್ದು ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಎಂಬ ಬೇರೆ ಮುಳ್ಳುಗಿಡಗಳು. ಬೇಲಿಯ ಒಂದು ಕಡೆ ದನ ಮೇಯುವ ಹುಲ್ಲುಗಾವಲು, ಇನ್ನೊಂದು ಕಡೆ ಚಳಿಗಾಲದ ಗೋದಿ ಹೊಲ. ಈ ಗಿಡ ಬಿಟ್ಟರೆ ಬದುಕದ ಬಾರ್ಬೆರಿ ಕಾರ್ಪೆಟ್ ಪತಂಗ ಈ ಕೌಂಟಿಯಲ್ಲಿ ಇನ್ನೂ ಉಳಿದಿದೆ. ಕೇಳಬೇಕಾದದ್ದು ಮೂರು: ಇದು ಕಾಡು ಬಾರ್ಬೆರಿಯೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಬೇಲಿ ಸವರುವುದು ಯಾವಾಗ? ಇನ್ನಷ್ಟು ನೆಡುವುದಾದರೆ ಎಲ್ಲಿ? ಬೇಲಿ ಕಾಂಟ್ರಾಕ್ಟರ್ ಸೆಪ್ಟೆಂಬರ್ ಮೊದಲ ವಾರಕ್ಕೆ ಬರ್ತೀನಿ ಅಂದಿದ್ದಾರೆ.

ಬೇಲಿಸಾಲು
ಮೊದಲು ಗಿಡ ನೋಡಿ. ಬೇಕಾಗಿರುವುದು ಕಾಡು ಬಾರ್ಬೆರಿ, ಬರ್ಬೆರಿಸ್ ವಲ್ಗಾರಿಸ್. ತೋಟಗಳಲ್ಲಿ ಕೆಂಪೆಲೆಗೆಂದು ಬೆಳೆಸುವುದು ಅದೇ ಕುಲದ ಇನ್ನೊಂದು ಗಿಡ, ಬರ್ಬೆರಿಸ್ ಥುನ್‌ಬರ್ಗಿ. ಕಾಡು ಬಾರ್ಬೆರಿಯಲ್ಲಿ ಮುಳ್ಳು ಒಂದೇ ಬುಡದಿಂದ ಮೂರಾಗಿ ಕವಲೊಡೆದಿರುತ್ತದೆ. ಥುನ್‌ಬರ್ಗಿಯಲ್ಲಿ ಸಾಮಾನ್ಯವಾಗಿ ಒಂಟಿ ಮುಳ್ಳು. ಎಲೆಯ ಅಂಚಿನ ಮೇಲೆ ಬೆರಳಾಡಿಸಿ: ಕಾಡಿನದ್ದರಲ್ಲಿ ಸಣ್ಣ ಸಣ್ಣ ಮೊನೆಯ ಹಲ್ಲುಗಳು ಚುಚ್ಚುತ್ತವೆ, ತೋಟದ್ದರ ಅಂಚು ನುಣುಪು. ಮೇ ಕೊನೆ, ಜೂನ್‌ನಲ್ಲಿ ಹಳದಿ ಹೂ ಗೊನೆಯಾಗಿ ಜೋತಾಡುತ್ತದೆ. ಥುನ್‌ಬರ್ಗಿಯ ಹೂ ಒಂಟಿ, ಅಥವಾ ನಾಲ್ಕೈದು ಒಟ್ಟಿಗೆ, ಅಷ್ಟೆ. ಹಣ್ಣು ಕೆಂಪು, ಉದ್ದುದ್ದ. ತೊಗಟೆ ಸ್ವಲ್ಪ ಕೆರೆದರೆ ಒಳಗೆ ಅರಿಶಿನ ಬಣ್ಣ, ನಮ್ಮ ದಾರುಹರಿದ್ರದ ಕುಲವೇ ತಾನೆ. ಆದರೆ ಆ ಹಳದಿ ಕುಲದ ಗಿಡಗಳಲ್ಲೆಲ್ಲ ಇರುವಂಥದ್ದು, ಅದೊಂದನ್ನೇ ನಂಬಬೇಡಿ.

ಇವೆರಡರ ಮಿಶ್ರತಳಿಯೂ ಇದೆ, ಒಟ್ಟಾವೆನ್ಸಿಸ್ ಅಂತ. ನರ್ಸರಿಗಳು ಇದನ್ನೂ ಬರೀ 'ಬಾರ್ಬೆರಿ' ಎಂದೇ ಮಾರುತ್ತವೆ. ಎಲೆಯಂಚಿನಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು ಇದ್ದರೆ ಅನುಮಾನಪಡಿ.

ನಿಶಾಚರಿ
ಸೆಪ್ಟೆಂಬರ್ ಮೊದಲ ವಾರವಾ! ಮೊದಲು ಆ ಬುಕಿಂಗ್ ನಿಲ್ಲಿಸಿ, ಉಳಿದ ಮಾತು ಆಮೇಲೆ.

ಕಾರಣ ಹೇಳ್ತೀನಿ. ಈ ಪತಂಗಕ್ಕೆ ವರ್ಷಕ್ಕೆ ಎರಡು ಪೀಳಿಗೆ. ಚಳಿಗಾಲವಿಡೀ ಕೋಶವಾಗಿ (ಪ್ಯೂಪಾ) ಗಿಡದ ಬುಡದ ಮಣ್ಣು, ತರಗೆಲೆಯಲ್ಲಿ ಮಲಗಿರುತ್ತದೆ. ಮೇ, ಜೂನ್‌ನಲ್ಲಿ ಪತಂಗ ಹೊರಬಂದು ಬಾರ್ಬೆರಿ ಎಲೆಗೆ ಮೊಟ್ಟೆ ಇಡುತ್ತದೆ. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಮೊದಲ ಪೀಳಿಗೆಯ ಹುಳು ಎಲೆ ತಿನ್ನುತ್ತದೆ. ಕೆಳಗಿಳಿದು ಕೋಶವಾಗಿ, ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಎರಡನೇ ಸಲ ಪತಂಗ. ಆ ಎರಡನೇ ಪೀಳಿಗೆಯ ಹುಳು ಗಿಡದ ಮೇಲೆ ಇರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ. ಚಳಿಗಾಲ ದಾಟಿ ಮುಂದಿನ ವರ್ಷದ ಸಂತತಿ ನಡೆಯಬೇಕಾದದ್ದು ಇವುಗಳಿಂದಲೇ. ಸೆಪ್ಟೆಂಬರ್‌ನಲ್ಲಿ ಫ್ಲೇಲ್ ಕಟರ್ (ಟ್ರ್ಯಾಕ್ಟರಿಗೆ ಕಟ್ಟುವ ಬೇಲಿ ಸವರುವ ಯಂತ್ರ) ಓಡಿಸಿದರೆ ಎಲೆಯ ಜೊತೆ ಹುಳುವೂ ಪುಡಿ.

ಇಂಗ್ಲೆಂಡಿನ 2024ರ ಬೇಲಿ ನಿಯಮ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕತ್ತರಿಸುವುದನ್ನು ತಡೆಯುತ್ತದೆ. ಅದು ಹಕ್ಕಿಗೂಡು ಮನಸ್ಸಿನಲ್ಲಿಟ್ಟು ಮಾಡಿದ ದಿನಾಂಕ. ಹಾಗಾಗಿ ಸೆಪ್ಟೆಂಬರ್ 1ಕ್ಕೆ ಕಾದು ನಿಂತ ಟ್ರ್ಯಾಕ್ಟರ್‌ಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಕಾನೂನಿನ ಪ್ರಕಾರ ಸರಿ, ಈ ಹುಳುವಿನ ಮಟ್ಟಿಗೆ ಇಡೀ ವರ್ಷದಲ್ಲೇ ಅತಿ ಕೆಟ್ಟ ವಾರ. ಬಾರ್ಬೆರಿ ಇರುವ ಕಡೆ ನವೆಂಬರ್ ಮೊದಲು ಕತ್ತರಿ ಹಾಕಲೇಬಾರದು. ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಸಮಯ ಇದೆ. ಆಗಲೂ ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ.

ಹಳ್ಳದಂಡೆ
ಗಿಡ ಸರಿಯಾಗಿದೆ: ಮೂರು ಕವಲಿನ ಮುಳ್ಳು, ಹಲ್ಲಿನ ಅಂಚು ಎರಡೂ ಇವೆ. ಆದರೆ ಕಾಂಟ್ರಾಕ್ಟರ್ ಹೇಳುವುದೂ ನ್ಯಾಯವೇ. ನವೆಂಬರ್ ಹೊತ್ತಿಗೆ ಮಣ್ಣು ಹಸಿ, ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ, ಗೋದಿ ಬಿತ್ತಿದ ಮೇಲೆ ಆ ಕಡೆಯಿಂದ ಹೋಗಲೂ ಆಗುವುದಿಲ್ಲ.

ಬೇಲಿಸಾಲು
220 ಮೀಟರ್ ಪೂರ್ತಿ ಮುಂದೂಡಿ ಅಂತ ಕೇಳಿದರೆ ಯಾರೂ ಒಪ್ಪುವುದಿಲ್ಲ, ಕೇಳಲೂಬೇಡಿ. 14 ಮೀಟರ್ ಬಿಟ್ಟುಕೊಡಿ ಅಂತ ಕೇಳಿ.

ಮೂರೂ ತುಂಡುಗಳ ಎರಡು ತುದಿಗೂ ಬೇಲಿಗಿಂತ ಅರ್ಧ ಮೀಟರ್ ಎತ್ತರಕ್ಕೆ ಬಿದಿರು ಕೋಲು ನಿಲ್ಲಿಸಿ, ಮೇಲೆ ಕಣ್ಣಿಗೆ ಹೊಡೆಯುವ ಬಣ್ಣದ ಟೇಪ್ ಕಟ್ಟಿ. ಗಿಡಕ್ಕೇ ಟೇಪ್ ಕಟ್ಟಿದರೆ ಟ್ರ್ಯಾಕ್ಟರ್ ಸೀಟಿನಿಂದ ಕಾಣುವುದಿಲ್ಲ, ಎಲೆಯೊಳಗೆ ಮುಚ್ಚಿಹೋಗುತ್ತದೆ. ಗಿಡದ ಅಂಚಿಗೆ ಸರಿಯಾಗಿ ಅಲ್ಲ, ಎರಡೂ ಬದಿ ಒಂದೊಂದು ಮೀಟರ್ ಹೆಚ್ಚು ಬಿಟ್ಟು ಕೋಲು ನೆಡಿ. ಫ್ಲೇಲ್ ತೋಳು ಎತ್ತುವುದು ಒಂದು ಕ್ಷಣ ತಡವಾದರೂ ಅಷ್ಟು ದೂರ ಹೋಗಿರುತ್ತದೆ. ಕಾಂಟ್ರಾಕ್ಟರ್ ಕಂಪನಿಗೆ ನಕ್ಷೆ ಕಳಿಸಿದರೆ ಸಾಲದು. ಟ್ರ್ಯಾಕ್ಟರ್ ಓಡಿಸುವವರ ಕೈಗೇ ಕೊಡಿ, ಬರುವವರು ಬೇರೆಯವರಾಗಿರಬಹುದು.

ಆ 14 ಮೀಟರ್ ಚಳಿಗಾಲದಲ್ಲಿ ಕೈಯಿಂದ ಸವರಿ. ಉದ್ದ ಹಿಡಿಯ ಕೊಂಬೆ ಕತ್ತರಿ, ಮಡಚುವ ಗರಗಸ, ಮೊಣಕೈವರೆಗೆ ಬರುವ ಚರ್ಮದ ಕೈಗವಸು ಇದ್ದರೆ ಇಬ್ಬರಿಗೆ ಅರ್ಧ ದಿನದ ಕೆಲಸ. ಮುಳ್ಳು ತುದಿ ಮುರಿದು ಬೆರಳೊಳಗೆ ಉಳಿದರೆ ಕೀವಾಗುತ್ತದೆ, ಬಟ್ಟೆ ಗವಸು ನಂಬಬೇಡಿ. ಮುದಿಯಾದ ಕೊಂಬೆಯನ್ನು ಬುಡದ ಹತ್ತಿರ ಕತ್ತರಿಸಿದರೆ ಹೊಸ ಚಿಗುರು ಕೆಳಗಿನಿಂದಲೇ ಬರುತ್ತದೆ, ಬಾರ್ಬೆರಿ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ತಡೆದುಕೊಳ್ಳುತ್ತದೆ ಅಂತ ಮೂರೂ ತುಂಡನ್ನು ಒಂದೇ ವರ್ಷ ಬೋಳಿಸಬೇಡಿ. ಗಿಡ ಉಳಿಯುತ್ತದೆ, ಪತಂಗ ಹೋಗಿರುತ್ತದೆ.

ಅದಕ್ಕಿಂತ ತುರ್ತು ಬ್ಲ್ಯಾಕ್‌ಥಾರ್ನ್. ಅದು ಬೇರಿನಿಂದ ಚಿಗುರಿ ಬಾರ್ಬೆರಿಯನ್ನು ಮುಚ್ಚುತ್ತದೆ. ಬಿಸಿಲು ತಪ್ಪಿದ ಬಾರ್ಬೆರಿ ಸಾಯುವುದಿಲ್ಲ, ತೆಳ್ಳಗಾಗಿ ಎಲೆ ಕಡಿಮೆಯಾಗುತ್ತದೆ. ನೋಡುವವರಿಗೆ ಗಿಡ ಇದೆ, ಹುಳುವಿಗೆ ಊಟ ಇಲ್ಲ. ದಕ್ಷಿಣ, ಪಶ್ಚಿಮದ ಕಡೆಯ ಬ್ಲ್ಯಾಕ್‌ಥಾರ್ನ್ ಮೊದಲು ತಗ್ಗಿಸಿ.

ಧಾರವಾಡದ ಗೋದಿ
ಅಲ್ರೀ, ಎಲ್ಲಾರೂ ಪತಂಗದ ಬಗ್ಗೆನ ಮಾತಾಡಾಕತ್ತೀರಿ. ಬೇಲಿಯ ಆ ಕಡೆ ಗೋದಿ ಹೊಲ ಐತಿ ಅಂತ ಮೊದಲನೇ ಪೋಸ್ಟಿನ್ಯಾಗ ಬರದಾರ, ಯಾರೂ ಅದನ್ನ ಮುಟ್ಟಿಲ್ಲ. ಈ ಗಿಡ ಅಲ್ಲಿ ಯಾಕ ಕಡಿಮಿ ಆತು? ರೈತರು ಬೇಕಂತ ಕಿತ್ತು ಒಗದಿದ್ದು. ಗೋದಿ ಕಾಂಡ ತುಕ್ಕು ರೋಗದ ಶಿಲೀಂಧ್ರಕ್ಕ ಎರಡು ಮನಿ: ಒಂದು ಗೋದಿ, ಇನ್ನೊಂದು ಬಾರ್ಬೆರಿ. 1865ರಾಗ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಇದನ್ನ ತೋರಿಸಿದ್ರು. ಡೆನ್ಮಾರ್ಕ್ 1903ರಾಗ ಕಾನೂನು ಮಾಡಿ ಬಾರ್ಬೆರಿ ತಗಸಿತು, ಅಮೆರಿಕಾ 1918ರಿಂದ ದೊಡ್ಡ ಆಂದೋಲನನ ಮಾಡ್ತು.

ಚಕ್ರ ಹಿಂಗ ಐತಿ. ಗೋದಿ ಕೊಯ್ಲು ಹೊತ್ತಿಗೆ ದಂಟಿನ ಮ್ಯಾಲ ಕರಿ ಬೀಜಕ, ಅಂದ್ರ ಶಿಲೀಂಧ್ರದ ಬೀಜದಂಥ ಪುಡಿ. ಅದು ಕೂಳಿ, ಒಣಹುಲ್ಲಿನ ಮ್ಯಾಲ ಚಳಿಗಾಲ ಕಳೀತೈತಿ. ವಸಂತದಾಗ ಮೊಳೆತು ಸಣ್ಣ ಬೀಜಕ ಬಿಡ್ತೈತಿ, ಅವು ಬಾರ್ಬೆರಿಯ ಎಳಿ ಎಲಿಗೆ ಹತ್ತತಾವ. ಎಲಿ ಕೆಳಗ ಕಿತ್ತಳೆ ಬಣ್ಣದ ಬಟ್ಟಲು. ಅಲ್ಲಿಂದ ಹಾರಿದ್ದು ಗೋದಿಗೆ. ಗೋದಿ ಮ್ಯಾಲ ಬಂದ ಮ್ಯಾಲ ಇಟ್ಟಂಗಿ ಬಣ್ಣದ ಪುಡಿ, ಅದು ಗೋದಿಯಿಂದ ಗೋದಿಗೆ ಗಾಳ್ಯಾಗ ಹಬ್ಬತೈತಿ. ಬಾರ್ಬೆರಿ ಮ್ಯಾಲ ನಡಿಯೋದು ಶಿಲೀಂಧ್ರದ ಲೈಂಗಿಕ ಹಂತ, ಅಂದ್ರ ಹೊಸ ಹೊಸ ತಳಿ ಹುಟ್ಟೋ ಜಾಗ. ಇವತ್ತು ತಡಕೊಳ್ಳೋ ಗೋದಿ ನಾಳೆ ತಡಕೊಳ್ಳದಂಗ ಆಗೋದು ಅಲ್ಲೇ. ಪತಂಗ ಉಳಸಾಕ ಹೋಗಿ ನೆರಿ ರೈತನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ.

ನಿಶಾಚರಿ
ಸರ್, ನೀವು ಹೇಳಿದ ಚಕ್ರ ಅಕ್ಷರಶಃ ಸರಿ. ಇದನ್ನು ಅಲ್ಲಗಳೆದು ಬಾರ್ಬೆರಿ ನೆಡುವವರು ಪತಂಗಕ್ಕೇ ತೊಂದರೆ ತರುತ್ತಾರೆ. ಒಬ್ಬ ರೈತನಿಗೆ ರೋಗ ಬಂದರೆ ಸುತ್ತಲಿನ ಹತ್ತು ಬೇಲಿಯ ಗಿಡ ಹೋಗುತ್ತವೆ.

ಬ್ರಿಟನ್‌ನಲ್ಲಿ ಕಾಂಡ ತುಕ್ಕು ಕಡೆಯ ಸಲ ದೊಡ್ಡದಾಗಿ ಕಾಡಿದ್ದು 1955ರಲ್ಲಿ. 2013ರಲ್ಲಿ ಸಫೋಕ್‌ನ ಒಂದು ಹೊಲದಲ್ಲಿ ಒಂದೇ ಒಂದು ಗೋದಿ ಗಿಡದ ಮೇಲೆ ಮತ್ತೆ ಕಾಣಿಸಿತು. ಇಂಗ್ಲೆಂಡಿನ ಸಸ್ಯ ಸಂಶೋಧನಾ ಸಂಸ್ಥೆ ಜಾನ್ ಇನ್ಸ್ ಸೆಂಟರ್‌ನವರು ಅದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ಅವರು ನೋಡಿದ 57 ಬ್ರಿಟಿಷ್ ಗೋದಿ ತಳಿಗಳಲ್ಲಿ ಶೇ. 80ಕ್ಕೂ ಹೆಚ್ಚು ಅಲ್ಲಿ ಸಿಕ್ಕ ಶಿಲೀಂಧ್ರಕ್ಕೆ ತುತ್ತಾಗುತ್ತವೆ. ಹಾಗಾಗಿ ಭಯ ಹಳೇ ಕಾಲದ್ದಲ್ಲ.

ಆದರೂ ಇರುವ ಗಿಡ ಕೀಳುವುದು ಉತ್ತರವಲ್ಲ. 1980ರ ದಶಕದಲ್ಲಿ ಈ ಪತಂಗ ಬ್ರಿಟನ್‌ನಲ್ಲಿ ಸಫೋಕ್‌ನ ಒಂದೇ ಜಾಗದಲ್ಲಿ ಉಳಿದಿದೆ ಎಂದುಕೊಂಡಿದ್ದರು. ಆಮೇಲೆ ಹುಡುಕಿದಾಗ ವಿಲ್ಟ್‌ಶೈರ್, ಗ್ಲಾಸ್ಟರ್‌ಶೈರ್, ಡಾರ್ಸೆಟ್ ಕಡೆ ಸಿಕ್ಕಿತು. ಉಳಿದ ಜಾಗಗಳು ಬೆರಳೆಣಿಕೆಯವು. ಹಳೇ ಗಿಡ ಇದ್ದಲ್ಲೇ ಇರಲಿ, ಹೊಸದನ್ನು ಗೋದಿ, ಬಾರ್ಲಿ, ಓಟ್ಸ್, ರೈ ಹೊಲದ ಬದುವಿಗೆ ನೆಡಬೇಡಿ. ಹುಲ್ಲುಗಾವಲುಗಳ ನಡುವಿನ ಬೇಲಿ, ಕಾಡಂಚು, ಹಳೇ ರೈಲು ಹಾದಿಯ ಬದಿ ಆರಿಸಿ. ಬಟರ್‌ಫ್ಲೈ ಕನ್ಸರ್ವೇಶನ್ ಸಂಸ್ಥೆಯವರು ಈ ಪತಂಗಕ್ಕಾಗಿಯೇ ಗಿಡ ನೆಡಿಸಿದವರು. ಜಾಗ ಗೊತ್ತುಮಾಡುವ ಮೊದಲು ಅವರನ್ನು ಕೇಳಿ.

ಧಾರವಾಡದ ಗೋದಿ
ಇದನ್ನ ಒಪ್ಪಿದೆ. ಎರಡು ಮಾತು ಸೇರಸ್ತೀನಿ.

ಒಂದು, ಹೊಸ ಸಸಿ ಬುಡಕ್ಕ ಗೋದಿ ಅಥವಾ ಬಾರ್ಲಿ ಒಣಹುಲ್ಲಿನ ಮುಚ್ಚಿಗಿ ಹಾಕಲೇಬ್ಯಾಡ್ರಿ. ಕರಿ ಬೀಜಕ ಕುಂತಿರೋದು ಅದರ ಮ್ಯಾಲನ, ನೀವಾಗೇ ತಂದು ಗಿಡದ ಕಾಲಬುಡಕ್ಕ ಹಾಸಿದಂಗ ಆಗತೈತಿ. ದನದ ಕೊಟ್ಟಿಗ್ಯಾಗ ಹಾಸಿದ ಹುಲ್ಲು ಇರೋ ಹಸಿ ಗೊಬ್ಬರನೂ ಬ್ಯಾಡ.

ಎರಡು, ಕಿತ್ತಳೆ ಬಟ್ಟಲು ಕಂಡ್ರ ಗೋದಿ ತುಕ್ಕು ಅಂತ ಗಾಬರಿ ಆಗಿ ಕೊಡ್ಲಿ ತಗೋಬ್ಯಾಡ್ರಿ. ಅದೇ ಶಿಲೀಂಧ್ರದ ಬ್ಯಾರೆ ರೂಪ ಓಟ್ಸ್, ರೈ, ಕಾಡು ಹುಲ್ಲಿಗೆ ಬರತಾವ. ಪಕ್ಸಿನಿಯ ಅರ್ರೆನಾಥೆರಿ ಅನ್ನೋದು ಬರೇ ಹುಲ್ಲಿನಿಂದ ಬರೋದು, ಅದು ಬಂದ್ರ ಬಾರ್ಬೆರಿ ಕೊಂಬಿ ಕಸಬರಿಗಿ ಹಂಗ ಗುಂಪಾಗಿ ಚಿಗರತಾವ. ಕಣ್ಣಿಲೆ ನೋಡಿ ಗೋದಿ ರೂಪ ಹೌದೋ ಅಲ್ಲೋ ಹೇಳಾಕ ಆಗೂದಿಲ್ಲ, ಲ್ಯಾಬ್‌ನ್ಯಾಗ ನೋಡಬೇಕು. ಬಟ್ಟಲು ಇದ್ದ ಎಲಿ ಐದಾರು ಕಿತ್ತು ಕಾಗದದ ಲಕೋಟಿಯೊಳಗ ಹಾಕಿ, ದಿನಾಂಕ, ಜಾಗ ಬರೀರಿ. ಪ್ಲಾಸ್ಟಿಕ್ ಚೀಲದಾಗ ಹಾಕಿದ್ರ ಬೂಷ್ಟು ಹಿಡದು ಹಾಳಾಗತೈತಿ.

ನಮ್ಮ ಕಡಿ ಓದೋರಿಗೆ ಒಂದು ಮಾತು: ಇದನ್ನ ಓದಿ ನೀಲಗಿರಿಯ ಬರ್ಬೆರಿಸ್ ಮ್ಯಾಲ ಸಿಟ್ಟಾಗಬ್ಯಾಡ್ರಿ. ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಅವರು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸ್ಯಾರ, ಭಾರತದಾಗ ವರ್ಷಾ ವರ್ಷಾ ತುಕ್ಕು ಬರಾಕ ಬಾರ್ಬೆರಿ ಕಾರಣ ಅಲ್ಲ. ಬಯಲುಸೀಮಿ ಬ್ಯಾಸಿಗಿ ಬಿಸಲಿಗೆ ಆ ಇಟ್ಟಂಗಿ ಪುಡಿ ಸಾಯತೈತಿ, ನೀಲಗಿರಿ, ಪಳನಿ ಬೆಟ್ಟದ ತಂಪಿನ್ಯಾಗ ಗೋದಿ ಮ್ಯಾಲನ ಉಳದು ಮತ್ತ ಗಾಳ್ಯಾಗ ಕೆಳಗ ಬರತೈತಿ. ಅದಕ್ಕ ನೀಲಗಿರಿಯ ವೆಲ್ಲಿಂಗ್ಟನ್‌ನ್ಯಾಗ ಗೋದಿ ಸಂಶೋಧನಾ ಕೇಂದ್ರ ಇರೋದು. ನಮ್ಮ ಜವೆಗೋದಿ (ಖಪ್ಲಿ ಗೋದಿ) ಕಾಂಡ ತುಕ್ಕಿಗೆ ಚಲೋ ತಡಕೊಳ್ಳತೈತಿ, ಇದು ಬ್ಯಾರೆ ಕಥಿ.

ಸಸಿಮಡಿ
ನೆಡುವ ವಿಷಯಕ್ಕೆ ಬರೋಣ. ಸ್ಥಳೀಯ ಗಿಡದ ಬೀಜವೇ ಒಳ್ಳೆಯದು, ಆದರೆ ಹತ್ತಿರದಲ್ಲಿ ತೋಟದ ಬರ್ಬೆರಿಸ್ ಇದ್ದರೆ ಬೀಜ ಮಿಶ್ರವಾಗಿರಬಹುದು. ಅಂಥ ಕಡೆ ಕಡ್ಡಿ ನೆಡುವುದೇ ಕ್ಷೇಮ: ಜುಲೈ, ಆಗಸ್ಟ್‌ನಲ್ಲಿ ಅರೆಬಲಿತ ಕಡ್ಡಿ, 10 ಸೆಂ.ಮೀ. ಉದ್ದ, ಮರಳು ಬೆರೆಸಿದ ಮಿಶ್ರಣದಲ್ಲಿ. ಎಲ್ಲವೂ ಬೇರು ಬಿಡುವುದಿಲ್ಲ, ಬೇಕಾದದ್ದಕ್ಕಿಂತ ಎರಡು ಪಟ್ಟು ಹಾಕಿ. ಎಲ್ಲ ಕಡ್ಡಿಯನ್ನೂ ಒಂದೇ ಗಿಡದಿಂದ ತೆಗೆಯಬೇಡಿ. ಕಡ್ಡಿ ತೆಗೆಯುವ ಕೊಂಬೆಯ ಎಲೆಯಲ್ಲಿ ಮೊಟ್ಟೆ, ಹುಳು ಇವೆಯೇ ಎಂದು ಮೊದಲು ನೋಡಿ.

ಬೀಜವಾದರೆ ಅಕ್ಟೋಬರ್‌ನಲ್ಲಿ ಹಣ್ಣು ಕಿತ್ತು, ಹಿಚುಕಿ, ಜರಡಿಯಲ್ಲಿ ತಿರುಳು ಪೂರ್ತಿ ಹೋಗುವವರೆಗೆ ತೊಳೆಯಿರಿ. ತಿರುಳು ಉಳಿದರೆ ಮೊಳಕೆ ತಡೆಯುತ್ತದೆ, ಬೂಷ್ಟೂ ಬರುತ್ತದೆ. ನೀರಲ್ಲಿ ತೇಲುವ ಬೀಜ ಬಿಸಾಡಿ. ಒಂದು ಪಾಲು ಬೀಜಕ್ಕೆ ಮೂರು ಪಾಲು ಮರಳು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆ. ಫ್ರಿಜ್‌ನ ಕೆಳತಟ್ಟೆಯಲ್ಲಿ 3ರಿಂದ 5 ಡಿಗ್ರಿಯಲ್ಲಿ 10–12 ವಾರ. ಫ್ರೀಜರ್‌ನಲ್ಲಿ ಅಲ್ಲ. ಮಾರ್ಚ್‌ನಲ್ಲಿ 1 ಸೆಂ.ಮೀ. ಆಳಕ್ಕೆ ಬಿತ್ತಿ. ಕೆಲವು ಮುಂದಿನ ವರ್ಷ ಏಳುತ್ತವೆ, ಟ್ರೇ ಖಾಲಿ ಮಾಡಬೇಡಿ. ನೆಡುವ ಎತ್ತರಕ್ಕೆ ಬರಲು ಎರಡು ವರ್ಷ.

ನೆಡುವುದು ನವೆಂಬರ್‌ನಿಂದ ಮಾರ್ಚ್, ಎಲೆ ಇಲ್ಲದ ಕಾಲ. ಸಾಲಾಗಿ ಮೀಟರಿಗೆ ಐದರಂತೆ ತುರುಕುವುದು ಹಾಥಾರ್ನ್‌ಗೆ ಸರಿ. ಇದಕ್ಕೆ ಐದಾರು ಗಿಡದ ಗುಂಪು, ಗಿಡದಿಂದ ಗಿಡಕ್ಕೆ ಒಂದೂವರೆ ಮೀಟರ್. ಇನ್ನೊಂದು ಗುಂಪು ಅದೇ ಬೇಲಿಯಲ್ಲಿ ನೂರಿನ್ನೂರು ಮೀಟರ್ ಆಚೆ. ಹತ್ತು ಊರಿಗೆ ಒಂದೊಂದು ಗಿಡ ಹಂಚುವ ಕಾರ್ಯಕ್ರಮ ಫೋಟೊಗೆ ಚೆಂದ, ಪತಂಗಕ್ಕೆ ಉಪಯೋಗ ಇಲ್ಲ. ಒಂಟಿ ಗಿಡ ಒಂದು ಪೀಳಿಗೆಯನ್ನೇ ಸಾಕಲಾರದು. ಮೊಲ, ಜಿಂಕೆ ಇರುವಲ್ಲಿ ಕಿರಿದಾದ ಸುರುಳಿ ಕವಚ ಬೇಡ, ಪೊದೆ ಒಳಗೇ ಕೊಳೆಯುತ್ತದೆ. 60 ಸೆಂ.ಮೀ. ಎತ್ತರದ ಅಗಲ ಜಾಲರಿ ಹಾಕಿ. ಮೊದಲ ಬೇಸಿಗೆ ಮಳೆ ಇಲ್ಲದಿದ್ದರೆ ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಅರ್ಧ ಬಕೆಟ್ ನೀರು.

ಉತ್ತರದ ಚಳಿ
ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಹಿತ್ತಲಿನಲ್ಲಿ ಇದೇ ಗಿಡ ನೆಡಬಹುದಾ? ಹಣ್ಣು ಚಟ್ನಿಗೂ ಆಗುತ್ತದಂತೆ.

ನಿಶಾಚರಿ
ಬೇಡ ಮೇಡಂ. ಅಲ್ಲಿ ಅದು ಹೊರಗಿನಿಂದ ಬಂದ ಗಿಡ, ನಿಷೇಧಿತ ಕಳೆಗಳ ಪಟ್ಟಿಯಲ್ಲಿದೆ. ಈ ಪತಂಗವೂ ಅಲ್ಲಿನದಲ್ಲ. ಇಲ್ಲಿ ಬರೆದದ್ದೆಲ್ಲ ಬ್ರಿಟನ್‌ಗೆ ಮಾತ್ರ. ಹುಳಿ ಹಣ್ಣು ಬೇಕಿದ್ದರೆ ಇರಾನಿ ಅಂಗಡಿಯಲ್ಲಿ ಒಣಗಿಸಿದ ಜೆರೆಶ್ಕ್ ಸಿಗುತ್ತದೆ, ಅದು ಇದೇ ಕುಲದ ಹಣ್ಣು.

ಹಳ್ಳದಂಡೆ
ಕಾಂಟ್ರಾಕ್ಟರ್ 14 ಮೀಟರ್ ಬಿಡಲು ಒಪ್ಪಿದ್ದಾರೆ. ಗೋದಿ ಕಡೆಗೆ ಹೊಸ ಗಿಡ ನೆಡುವುದಿಲ್ಲ. ಇನ್ನೊಂದು ಸಮಸ್ಯೆ: ಒಂದು ಪೊದೆಯಲ್ಲಿ ಹುಳುಗಳು ಗುಂಪಾಗಿ ಎಲೆಯ ನಡುನರ ಮಾತ್ರ ಉಳಿಸಿ ತಿಂದುಹಾಕಿವೆ. ಬಿಳಿಚು ಮೈ, ಕಪ್ಪು ಚುಕ್ಕೆ, ಹಳದಿ ಮಚ್ಚೆ. ಇದೇ ನಮ್ಮ ಪತಂಗದ ಮರಿಯಾ?

ನಿಶಾಚರಿ
ಅಲ್ಲ. ಅದು ಬರ್ಬೆರಿಸ್ ಗರಗಸ ನೊಣದ ಮರಿ, ಆರ್ಗೆ ಬರ್ಬೆರಿಡಿಸ್. 2000ದ ದಶಕದ ಆರಂಭದಲ್ಲಿ ಬ್ರಿಟನ್‌ಗೆ ಬಂದು ನೆಲೆಯಾದದ್ದು.

ಖಚಿತವಾಗಲು ಕಾಲು ಎಣಿಸಿ. ಭೂತಗನ್ನಡಿ ಹಿಡಿದು ಪಕ್ಕದಿಂದ ನೋಡಿ. ತಲೆಯ ಹಿಂದೆ ಮೂರು ಜೋಡಿ ನಿಜವಾದ ಕಾಲು ಎರಡಕ್ಕೂ ಇವೆ. ಅದರ ಹಿಂದೆ ಹೊಟ್ಟೆಯ ಕೆಳಗೆ ಮೆತ್ತನೆಯ ಗಿಡ್ಡ ಕಾಲುಗಳು ಸಾಲಾಗಿ ಐದಕ್ಕಿಂತ ಹೆಚ್ಚು ಜೋಡಿ ಇದ್ದರೆ ಗರಗಸ ನೊಣ. ಕಾರ್ಪೆಟ್ ಪತಂಗದ ಮರಿಗೆ ನಡುಹೊಟ್ಟೆ ಬೋಳು, ಹಿಂತುದಿಯಲ್ಲಿ ಎರಡು ಜೋಡಿ ಮಾತ್ರ. ಅದಕ್ಕೇ ಬೆನ್ನು ಕಮಾನು ಮಾಡಿ ಅಳೆದಂತೆ ನಡೆಯುವುದು. ಬಣ್ಣ ಕಂದು, ಮೈಯೆಲ್ಲ ಗಂಟುಗಂಟು, ಅಲ್ಲಲ್ಲಿ ಬಿಳಿಚು ಮಚ್ಚೆ. ಕಡ್ಡಿಯ ಮೇಲೆ ಸುಮ್ಮನೆ ಕೂತರೆ ಕಡ್ಡಿಯ ಚೂರೇ ಅನ್ನಿಸುತ್ತದೆ. ಇದು ಗುಂಪಾಗಿ ಪೊದೆ ಬೋಳಿಸುವುದಿಲ್ಲ.

ಗರಗಸ ನೊಣಕ್ಕೆ ಔಷಧಿ ಹೊಡೆದರೆ ಪತಂಗದ ಮರಿಯೂ ಸಾಯುತ್ತದೆ. ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕಿ, ಬಿಸಿಲೇರುವ ಮುನ್ನ ಮಾಡಿದರೆ ಸುಲಭ. ವರ್ಷಕ್ಕೆ ಎರಡು ಮೂರು ಪೀಳಿಗೆ ಬರುತ್ತದೆ, ಒಂದೇ ಸಲಕ್ಕೆ ಮುಗಿಯಿತು ಅಂದುಕೊಳ್ಳಬೇಡಿ.

ಪತಂಗ ಇದೆಯೇ ಎಂದು ಹುಡುಕಲು ದೀಪದ ಬಲೆಗಿಂತ ಹುಳು ಹುಡುಕುವುದೇ ನಂಬಿಕೆಯ ದಾರಿ. ಕೊಂಬೆಯ ಕೆಳಗೆ ಬಿಳಿ ಬಟ್ಟೆ ಹಿಡಿದು, ಕೋಲಿನಿಂದ ಚುರುಕಾಗಿ ಎರಡು ಏಟು. ನಿಧಾನಕ್ಕೆ ಅಲ್ಲಾಡಿಸಿದರೆ ಹುಳು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಥಟ್ಟನೆ ಏಟು ಬಿದ್ದರೆ ಉದುರುತ್ತದೆ. ಮಳೆ ನಿಂತ ತಕ್ಷಣ ಬೇಡ, ಬಟ್ಟೆ ಒದ್ದೆಯಾಗಿ ಸಣ್ಣ ಹುಳು ಅಂಟಿ ಸಾಯುತ್ತವೆ. ಹಕ್ಕಿಗೂಡಿದ್ದರೆ ಆ ಪೊದೆ ಬಿಟ್ಟುಬಿಡಿ. ಆದರೆ ಈ ಪತಂಗ ಬ್ರಿಟನ್‌ನ 1981ರ ವನ್ಯಜೀವಿ ಕಾಯ್ದೆಯ 5ನೇ ಅನುಸೂಚಿಯಲ್ಲಿ ರಕ್ಷಿತ ಜೀವಿ. ಹಿಡಿಯಲು, ಸಾಕಲು ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಪರವಾನಗಿ ಬೇಕು. ಆದ್ದರಿಂದ ನೀವೇ ಬಡಿಯುವ ಬದಲು ಕೌಂಟಿಯ ಪತಂಗ ದಾಖಲೆಗಾರರಿಗೆ ಬರೆದು, ಜುಲೈ ಮೊದಲ ವಾರ ಅಥವಾ ಸೆಪ್ಟೆಂಬರ್ ಮೊದಲ ಹದಿನೈದು ದಿನದಲ್ಲಿ ಪರವಾನಗಿ ಇರುವವರನ್ನು ಕರೆಸಿ. ಒಂದು ಸಲ ಸಿಗಲಿಲ್ಲವೆಂದರೆ ಇಲ್ಲ ಎಂದು ಬರೆಯಬೇಡಿ, ಎರಡು ಪೀಳಿಗೆಯಲ್ಲೂ ನೋಡಬೇಕು.

ಬೇಲಿಸಾಲು
ಬುಡದ ಬಗ್ಗೆ ಯಾರೂ ಹೇಳಲಿಲ್ಲ. ಜುಲೈನಲ್ಲಿ ಕೆಲವು ವಾರ, ಮತ್ತೆ ಅಕ್ಟೋಬರ್‌ನಿಂದ ಮೇವರೆಗೆ ಪತಂಗ ಇರುವುದು ಮಣ್ಣಲ್ಲಿ. ಹುಲ್ಲು ಕತ್ತರಿಸುವ ಸ್ಟ್ರಿಮರ್ ಹಿಡಿದು ಬೇಲಿ ಬುಡ ಬೋಳಿಸುವುದು, ಎಲೆ ಗುಡಿಸುವುದು, ಅಗೆದು ಗೊಬ್ಬರ ಹಾಕುವುದು ಎಲ್ಲ ನಿಲ್ಲಿಸಿ. 2024ರ ಅದೇ ನಿಯಮ ಬೇಲಿಯ ನಡುವಿನಿಂದ 2 ಮೀಟರ್‌ವರೆಗೆ ಉಳುಮೆ, ಗೊಬ್ಬರ, ಕೀಟನಾಶಕ ಬೇಡ ಅನ್ನುತ್ತದೆ, ಗೋದಿ ರೈತರಿಗೆ ಅದನ್ನು ನೆನಪಿಸಿ. ಎರಡು ಹೆಕ್ಟೇರ್ ಅಥವಾ ಅದಕ್ಕಿಂತ ಚಿಕ್ಕ ಹೊಲಕ್ಕೆ ಆ ಅಂತರದ ನಿಯಮ ಅನ್ವಯಿಸುವುದಿಲ್ಲ, ಮೊದಲು ಹೊಲದ ಅಳತೆ ತಿಳಿದುಕೊಂಡು ಮಾತಾಡಿ.

ಸಸಿಮಡಿ
ಅದಕ್ಕೇ ಕಳೆ ತಡೆಯಲು ಪ್ಲಾಸ್ಟಿಕ್ ಹಾಸು ಹಾಕುವವರಿಗೆ ಹೇಳುವುದು: ಮಣ್ಣಿಗಿಳಿಯುವ ಹುಳುವಿಗೆ ಅದು ಮುಚ್ಚಿದ ಬಾಗಿಲು. ಮೊದಲ ಎರಡು ವರ್ಷ ಹುಲ್ಲಿನ ಪೈಪೋಟಿ ತಡೆಯಲೇಬೇಕು, ಇಲ್ಲದಿದ್ದರೆ ಸಸಿ ಉಳಿಯುವುದಿಲ್ಲ. ಹಾಗಾಗಿ ಕೊಳೆಯುವ ಉಣ್ಣೆ ಅಥವಾ ಸೆಣಬಿನ ಹಾಸು, ಗಿಡಕ್ಕೆ 50 ಸೆಂ.ಮೀ. ಚೌಕ ಸಾಕು.

ಬೇಲಿಸಾಲು
ಉಣ್ಣೆಯಾದರೂ ಎರಡು ವರ್ಷಕ್ಕೆ ಪೂರ್ತಿ ಕೊಳೆಯುವುದಿಲ್ಲ. ಮೂರನೇ ಮಾರ್ಚ್‌ನಲ್ಲಿ ಉಳಿದ ತುಂಡು ತೆಗೆದುಬಿಡಿ ಅಂತ ನನ್ನ ಅಭಿಪ್ರಾಯ.

ಸಸಿಮಡಿ
ಮಾರ್ಚ್‌ನಲ್ಲಿ ಎಳೆದರೆ ಕೆಳಗಿರುವ ಕೋಶ ಕೆದಕಿದಂತಾಗುತ್ತದೆ. ತೆಗೆಯುವುದಾದರೆ ಜೂನ್ ಕೊನೆಯ ವಾರ. ಆಗ ಮಣ್ಣಿನ ಕೋಶ ಒಡೆದು ಪತಂಗ ಮೇಲೆದ್ದಿರುತ್ತದೆ, ಹೊಸ ಹುಳು ಇನ್ನೂ ಎಲೆಯ ಮೇಲಿರುತ್ತದೆ. ಕೊಂಬೆಗೆ ತಾಗದಂತೆ ಬುಡದಲ್ಲೇ ಕತ್ತರಿಯಿಂದ ಸೀಳಿ ಎಳೆಯಿರಿ.